ಹುಲ್ಲು ಕತ್ತರಿಸುವ ಗಾಡಿಗೆ ಹೊಸ ಇಂಜಿನ್: ಮೊದಲು ಅಳತೆ, ಆಮೇಲೆ ಪಾನಾ

ಕೂತು ಓಡಿಸುವ ಲಾನ್ ಮೋವರ್ ನಮ್ಮ ಕಡೆ ಮನೆಮನೆಯ ಗಾಡಿಯಲ್ಲ. ಕಾರ್ಖಾನೆ ಕಾಲೊನಿ, ಕಾಲೇಜು, ಕ್ರಿಕೆಟ್ ಮೈದಾನಗಳಲ್ಲಿ ಅಲ್ಲೊಂದು ಇಲ್ಲೊಂದು ಕಾಣುತ್ತದೆ. ಸಂಡೂರು, ತೋರಣಗಲ್ಲು, ಬಳ್ಳಾರಿ ಸುತ್ತ ಗಾಳಿಯಲ್ಲೇ ಅದಿರಿನ ಕೆಂಪು ಧೂಳು. ಅದು ಏರ್ ಫಿಲ್ಟರ್ ದಾಟಿ ಒಳಗೆ ಹೋದರೆ ಪಿಸ್ಟನ್ ರಿಂಗು, ಸಿಲಿಂಡರು ಎರಡನ್ನೂ ಎಮ್ರಿ ಪೇಪರಿನ ಹಾಗೆ ಉಜ್ಜುತ್ತದೆ. ಮೇಲೆ 40 ಡಿಗ್ರಿ ದಾಟುವ ಬೇಸಿಗೆ ಬೇರೆ. ಗಾಳಿಯಿಂದಲೇ ತಣ್ಣಗಾಗಬೇಕಾದ ಇಂಜಿನ್‌ಗೆ ಅದು ಕಷ್ಟವೇ.

ನೀಲಿ ಹೊಗೆ ಬರುತ್ತದೆ, ಆಯಿಲ್ ಪದೇ ಪದೇ ಹಾಕಬೇಕಾಗುತ್ತದೆ, ದಟ್ಟ ಹುಲ್ಲಿಗೆ ಹೋದರೆ ಗಾಡಿ ಏದುಸಿರು ಬಿಡುತ್ತದೆ. ಇಷ್ಟು ಕಂಡ ತಕ್ಷಣ 'ಇಂಜಿನ್ ಹೋಯ್ತು' ಅನ್ನಬೇಡಿ. ಒಂದೇ ಸಿಲಿಂಡರಿನ ಕೆಲವು ಇಂಜಿನ್‌ಗಳಲ್ಲಿ ಹೆಡ್ ಗ್ಯಾಸ್ಕೆಟ್ (ಸಿಲಿಂಡರಿಗೂ ಅದರ ಮುಚ್ಚಳಕ್ಕೂ ನಡುವಿನ ತೆಳು ಪದರ) ಒಡೆದರೂ ಹೀಗೇ ಹೊಗೆ ಬರುತ್ತದೆ. ಆಯಿಲ್ ಜಾಸ್ತಿ ತುಂಬಿದ್ದರೂ ಬರುತ್ತದೆ. ಗ್ಯಾಸ್ಕೆಟ್ ಬದಲಿಸುವುದು ಹೊಸ ಇಂಜಿನ್ ಮುಂದೆ ಏನೇನೂ ಖರ್ಚಲ್ಲ.

ಕಂಪ್ರೆಸರ್ ಇರುವ ಗ್ಯಾರೇಜಿನಲ್ಲಿ ಒಂದು ಪರೀಕ್ಷೆ ಮಾಡಿಸಿ. ಪಿಸ್ಟನ್ ಮೇಲ್ತುದಿಯಲ್ಲಿ ನಿಲ್ಲಿಸಿ, ಪ್ಲಗ್ ತೂತಿನಿಂದ ಗಾಳಿ ಬಿಡಬೇಕು. ಎರಡೂ ವಾಲ್ವ್ ಮುಚ್ಚಿರಬೇಕು, ಶಾಫ್ಟ್ (ಇಂಜಿನ್ ತಿರುಗಿಸುವ ದಂಡ) ತಿರುಗದ ಹಾಗೆ ಹಿಡಿದಿರಬೇಕು. ಸೈಲೆನ್ಸರಿನಲ್ಲಿ ಸುಸ್ ಅಂದರೆ ಎಕ್ಸಾಸ್ಟ್ ವಾಲ್ವ್. ಕಾರ್ಬ್ಯುರೇಟರಿನಲ್ಲಿ ಅಂದರೆ ಇನ್‌ಟೇಕ್ ವಾಲ್ವ್. ಆಯಿಲ್ ಹಾಕುವ ಬಾಯಲ್ಲಿ ಜೋರಾಗಿ ಬಂದರೆ ರಿಂಗು ಇಲ್ಲವೇ ಗ್ಯಾಸ್ಕೆಟ್. ಹಾಗಾಗಿ ಹೆಡ್ ಬಿಚ್ಚಿ ಗ್ಯಾಸ್ಕೆಟ್ ನೋಡಿ. ಅದು ಸರಿಯಾಗಿದ್ದು, ಸಿಲಿಂಡರಿನ ಗೋಡೆಯಲ್ಲಿ ಉಗುರಿಗೆ ಸಿಗುವ ಗೀರುಗಳಿದ್ದರೆ ಮಾತ್ರ ಇಂಜಿನ್ ಹುಡುಕಿ.

ಅಳತೆ ತಪ್ಪಿದರೆ ದುಡ್ಡು ಹೋಯಿತು

ಈ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ್ದು ಇಲ್ಲಿ. ಜನರೇಟರ್, ನೀರಿನ ಪಂಪಿನ ಇಂಜಿನ್‌ಗಳು ಪೇಟೆಯಲ್ಲಿ ಸುಲಭವಾಗಿ ಸಿಗುತ್ತವೆ. 'ಅದನ್ನೇ ಕೂರಿಸೋಣ ಬಿಡಿ' ಅನ್ನುವ ಮಿಸ್ತ್ರಿಗಳೂ ಸಿಗುತ್ತಾರೆ. ಅವುಗಳ ಶಾಫ್ಟ್ ಸಾಮಾನ್ಯವಾಗಿ ಅಡ್ಡ ಇರುತ್ತದೆ. ಮೋವರ್‌ಗೆ ಹೆಚ್ಚಾಗಿ ಕೆಳಮುಖದ ಶಾಫ್ಟ್ ಬೇಕು. ಅಡ್ಡ ಇಂಜಿನ್ ನೆಟ್ಟಗೆ ನಿಲ್ಲಿಸಿದರೆ ಒಳಗೆ ಆಯಿಲ್ ತಲುಪಬೇಕಾದಲ್ಲಿ ತಲುಪುವುದಿಲ್ಲ.

ವರ್ನಿಯರ್ ಕ್ಯಾಲಿಪರ್ ಹಿಡಿದು ಶಾಫ್ಟಿನ ದಪ್ಪ ನೋಡಿ. ಬಹಳಷ್ಟು ಗಾಡಿಗಳಲ್ಲಿ 25.4 ಮಿ.ಮೀ., ಅಂದರೆ ಸರಿಯಾಗಿ 1 ಇಂಚು. ಉದ್ದ ಸುಮಾರು 80 ಮಿ.ಮೀ., ಪುಲ್ಲಿ ಜಾರದಂತೆ ಹಿಡಿಯುವ ಕೀ ಕೂರುವ ಖಾಂಚಿನ ಅಗಲ ಕಾಲು ಇಂಚು. ತುದಿಯ ಬೋಲ್ಟ್ ಕೂಡ ಇಂಚಿನ ಲೆಕ್ಕದ್ದೇ. ಮಿಲಿಮೀಟರ್ ಬೋಲ್ಟ್ ತುರುಕಿದರೆ ಹೊಸ ಶಾಫ್ಟಿನ ತ್ರೆಡ್ ಹಾಳಾಗುತ್ತದೆ. ಕೆಳಗಿನ ತೂತುಗಳ ಅಂತರ, ಸೈಲೆನ್ಸರ್ ಯಾವ ಕಡೆ ಹೊರಳುತ್ತದೆ, ಇವನ್ನೂ ಬರೆದುಕೊಳ್ಳಿ.

ಇಂಜಿನ್ ಬ್ಯಾಟರಿಗೆ ಎಷ್ಟು ಚಾರ್ಜ್ ಕೊಡುತ್ತದೆ ಎಂದು ನೋಡಲು ಮರೆಯುವವರೇ ಜಾಸ್ತಿ. ಬ್ಲೇಡಿಗೆ ಎಲೆಕ್ಟ್ರಿಕ್ ಕ್ಲಚ್ ಇದ್ದರೆ ಅದೊಂದೇ 4 ಆಂಪಿಯರ್ ಹತ್ತಿರ ಎಳೆಯುತ್ತದೆ. 3 ಆಂಪಿಯರ್ ಕೊಡುವ ಇಂಜಿನ್ ಹಾಕಿದರೆ ಬ್ಯಾಟರಿ ದಿನಾ ಇಳಿಯುತ್ತದೆ. ಬ್ರಿಗ್ಸ್ ಆಂಡ್ ಸ್ಟ್ರಾಟನ್ ಕಂಪನಿಯ ಇಂಜಿನ್ ಆದರೆ ಅದರ ಮೇಲೆಯೇ ಮಾಡೆಲ್, ಟೈಪ್, ಕೋಡ್ ಎಂದು ಮೂರು ಸಂಖ್ಯೆ ಒತ್ತಿರುತ್ತಾರೆ. ಫೋಟೊ ತೆಗೆದು ಡೀಲರ್‌ಗೆ ವಾಟ್ಸ್ಆ್ಯಪ್ ಮಾಡಿ. ಎಚ್‌ಪಿ ಜಾಸ್ತಿ ಇರಲಿ ಎಂಬ ಆಸೆ ಬೇಡ, ಗೇರ್‌ಬಾಕ್ಸ್ ಹಳೆಯದೇ ಅಲ್ವಾ?

ಬಿಚ್ಚುವುದು

ಬೆಳಿಗ್ಗೆಯೇ, ನೆರಳಲ್ಲಿ ಶುರು ಮಾಡಿ. ಸಮತಟ್ಟು ಜಾಗ, ಬ್ರೇಕ್ ಹಾಕಿ, ಚಾವಿ ಜೇಬಿಗೆ. ಬ್ಯಾಟರಿಯ ನೆಗೆಟಿವ್ ವೈರ್ ಮೊದಲು, ಆಮೇಲೆ ಪ್ಲಗ್ಗಿನ ಕ್ಯಾಪ್. ಪೆಟ್ರೋಲ್, ಆಯಿಲ್ ಇಳಿಸಿ. ಹತ್ತಿರ ಯಾರೂ ಬೀಡಿ ಹಚ್ಚದಂತೆ ನೋಡಿಕೊಳ್ಳಿ.

ಸ್ಟಾರ್ಟರಿನ ದಪ್ಪ ವೈರ್, ಚಾರ್ಜಿಂಗ್ ವೈರ್, ಪೆಟ್ರೋಲ್ ನಿಲ್ಲಿಸುವ ಸೊಲೆನಾಯ್ಡ್ ವೈರ್, ಇಂಜಿನ್ ಬಂದ್ ಮಾಡುವ ವೈರ್, ಪ್ರತಿಯೊಂದಕ್ಕೂ ಟೇಪ್ ಸುತ್ತಿ ಹೆಸರು ಬರೆಯಿರಿ. ಥ್ರಾಟಲ್ ಕೇಬಲ್, ಸೈಲೆನ್ಸರ್ ಬಿಚ್ಚುವುದು ಸುಲಭ.

ನಿಜವಾದ ಜಗಳ ಕೆಳಗಿನ ಪುಲ್ಲಿಯದ್ದು. ಅದು ತುಕ್ಕು ಹಿಡಿದು ಶಾಫ್ಟಿಗೆ ಕಚ್ಚಿಕೊಂಡಿರುತ್ತದೆ. ತುಕ್ಕು ಬಿಡಿಸುವ ಆಯಿಲ್ ಹಿಂದಿನ ರಾತ್ರಿಯೇ ಹೊಡೆದಿಡಿ. ಮಧ್ಯದ ಬೋಲ್ಟ್ ತೆಗೆದು, ಕ್ಲಚ್, ಸ್ಪೇಸರ್, ಪುಲ್ಲಿ ಯಾವ ಕ್ರಮದಲ್ಲಿ ಇವೆ ಎಂದು ಫೋಟೊ ತೆಗೆಯಿರಿ. ಬಾರದಿದ್ದರೆ ಪುಲ್ಲರ್ (ಪುಲ್ಲಿಯನ್ನು ಎಳೆದು ತೆಗೆಯುವ ಸಾಧನ) ಹಾಕಿ. ಸುತ್ತಿಗೆ ಬೀಸಿದರೆ ಮತ್ತೆ ಬಳಸಬೇಕಾದ ಪುಲ್ಲಿಯೇ ಬಾಗುತ್ತದೆ. ನಾಲ್ಕು ಬೋಲ್ಟ್ ಬಿಚ್ಚಿದ ಮೇಲೆ ಎತ್ತಲು ಇಬ್ಬರು ಬೇಕು. ಭಾರ 30ರಿಂದ 40 ಕಿಲೋ.

ಕೂರಿಸುವುದು

ಇಂಜಿನ್ ಕೂರುವ ತಗಡನ್ನು ಒರೆಸಿ, ಬಿರುಕು ಇದೆಯಾ ನೋಡಿ. ಶಾಫ್ಟಿಗೆ ಆ್ಯಂಟಿ ಸೀಜ್ (ಲೋಹ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ತೆಳ್ಳಗೆ ಸವರಿ. ಮುಂದಿನ ಸಲ ಬಿಚ್ಚುವವರು ನಿಮ್ಮನ್ನು ಹರಸುತ್ತಾರೆ. ಕ್ಲಚ್ಚನ್ನು ತಿರುಗದಂತೆ ಹಿಡಿಯುವ ಪಟ್ಟಿ ಅದರ ಖಾಂಚಿನಲ್ಲಿ ಕೂರಲೇಬೇಕು. ಇಲ್ಲದಿದ್ದರೆ ಕ್ಲಚ್ಚೇ ತಿರುಗಿ ವೈರ್ ಹರಿಯುತ್ತದೆ. ಬೋಲ್ಟನ್ನು ಗಾಡಿಯ ಕೈಪಿಡಿಯಲ್ಲಿರುವ ಟಾರ್ಕ್‌ಗೆ (ಬಿಗಿಯ ಅಳತೆಗೆ) ಬಿಗಿ ಮಾಡಿ. ಸೈಲೆನ್ಸರಿಗೆ ಹೊಸ ಗ್ಯಾಸ್ಕೆಟ್ ಹಾಕಿ.

ಬಂದ್ ಮಾಡುವ ವೈರಿಗೆ ಮಾತ್ರ 12 ವೋಲ್ಟ್ ಕೊಡಬೇಡಿ, ಇಗ್ನಿಶನ್ ಕಾಯಿಲ್ ಸುಟ್ಟುಹೋಗುತ್ತದೆ. ಸೀಟಿನ ಕೆಳಗಿನ ಸ್ವಿಚ್ಚನ್ನು ವೈರ್ ಜೋಡಿಸಿ ಸುಮ್ನೆ ಮಾಡುವ ಅಭ್ಯಾಸವೂ ಬೇಡ. ಚಾಲಕ ಬಿದ್ದಾಗ ಬ್ಲೇಡ್ ನಿಲ್ಲಿಸುವುದೇ ಅದು.

ಹೊಸ ಇಂಜಿನ್ ಸಾಮಾನ್ಯವಾಗಿ ಆಯಿಲ್ ಇಲ್ಲದೆ ಬರುತ್ತದೆ. ನಮ್ಮ ಬಿಸಿಲಿಗೆ ಎಸ್ಎಇ 30 ದರ್ಜೆಯ ಆಯಿಲ್ ಒಳ್ಳೆಯದು. 10ಡಬ್ಲ್ಯು-30 ಹಾಕಿದರೆ 27 ಡಿಗ್ರಿ ಮೇಲೆ ಆಯಿಲ್ ಜಾಸ್ತಿ ಖರ್ಚಾಗಬಹುದು. ಒಂದು ಸಿಲಿಂಡರಿಗೆ ಒಂದೂವರೆ ಲೀಟರ್ ಹತ್ತಿರ, ಎರಡಕ್ಕೆ ಎರಡು ಲೀಟರ್ ಹತ್ತಿರ. ಕೊನೆಯ ಮಾತು ಡಿಪ್‌ಸ್ಟಿಕ್ಕಿನದು (ಆಯಿಲ್ ಮಟ್ಟ ನೋಡುವ ಕಡ್ಡಿಯದು). ಮೊದಲು ಬ್ಲೇಡ್ ಹಾಕದೆ ಓಡಿಸಿ, ಸೋರುವುದು ನೋಡಿ. 5 ಗಂಟೆ ಓಡಿದ ಮೇಲೆ ಆಯಿಲ್ ಬದಲಿಸಿ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20% ವರೆಗೆ ಎಥನಾಲ್ ಇರುತ್ತದೆ. ಈ ಇಂಜಿನ್‌ಗಳ ಕೈಪಿಡಿಗಳು ಸಾಮಾನ್ಯವಾಗಿ ಒಪ್ಪುವುದು 10%. ಆದ್ದರಿಂದ ಎಥನಾಲ್ ಇಲ್ಲದ ಪೆಟ್ರೋಲ್ ಸಿಕ್ಕರೆ ಅದನ್ನೇ ಹಾಕಿ. ಗಾಡಿ ವಾರಗಟ್ಟಲೆ ನಿಲ್ಲುವುದಾದರೆ ಟ್ಯಾಂಕ್ ಖಾಲಿ ಮಾಡಿಡಿ. ಏರ್ ಫಿಲ್ಟರನ್ನು ಕಂಪ್ರೆಸರಿನಿಂದ ಊದಬೇಡಿ, ಕಾಗದ ತೂತಾಗುತ್ತದೆ. ಮೆಲ್ಲಗೆ ತಟ್ಟಿ, ಕೊಳೆ ಹೋಗದಿದ್ದರೆ ಹೊಸದು ಹಾಕಿ. ಫ್ಯಾನ್ ಮುಚ್ಚಳದ ಕೆಳಗೆ ಸಿಕ್ಕಿದ ಹುಲ್ಲನ್ನೂ ಆಗಾಗ ತೆಗೆಯಿರಿ.

ಹಳೇ ಇಂಜಿನ್ನನ್ನು ಗುಜರಿಗೆ ಹಾಕುವ ಮುಂಚೆ ಸ್ಟಾರ್ಟರ್, ಕಾಯಿಲ್, ಕಾರ್ಬ್ಯುರೇಟರ್ ಬಿಚ್ಚಿ ಡಬ್ಬಿಯಲ್ಲಿಡಿ. ಹೊಸದೂ ಅದೇ ಮಾಡೆಲ್ ಆಗಿದ್ದರೆ ಮುಂದೆ ಬೆಂಗಳೂರಿನಿಂದ ಪಾರ್ಟ್ಸ್ ತರಿಸಿ ಕಾಯುವುದು ತಪ್ಪುತ್ತದೆ.