ಆಪರೇಷನ್‌ಗೆ ಮುಂಚೆ ನಾನು ನೋಡುವುದು ಗುಳಿಗೆ ಚೀಲ

ರಾಯಚೂರಿನಲ್ಲಿ ನಾನು ಅರಿವಳಿಕೆ ಡಾಕ್ಟರ್. ಆಪರೇಷನ್‌ಗೆ ಬಂದವರನ್ನು ‘ಏನಾದರೂ ಗುಳಿಗೆ ತಗೋತೀರಾ?’ ಎಂದು ಕೇಳಿ ಸುಮ್ಮನಾಗುವುದಿಲ್ಲ. ಕೇಳಿದರೆ ‘ಬಿಪಿದು ಒಂದೇ ರೀ’ ಅನ್ನುತ್ತಾರೆ. ‘ಮನ್ಯಾಗ ಇರೋ ಗುಳಿಗಿ ಎಲ್ಲಾ ಚೀಲದಾಗ ಹಾಕ್ಕೊಂಡು ಬರ್ರಿ, ಖಾಲಿ ಪಟ್ಟಿನೂ ತರ್ರಿ’ ಎಂದು ಹೇಳುತ್ತೇನೆ. ಚೀಲ ಮಂಚದ ಮೇಲೆ ಸುರಿದಾಗಲೇ ನಿಜ ಗೊತ್ತಾಗುವುದು.

ಸಿಂಧನೂರು ಕಡೆಯ ಒಬ್ಬ ತಾಯಿ ಪಿತ್ತಕೋಶದ ಕಲ್ಲು ತೆಗೆಸಲು ಬಂದಿದ್ದರು. ಕಡು ಬೇಸಿಗೆ, ಮೇಲೆ ವಾಂತಿ. ಚೀಲದಲ್ಲಿ ಬಿಪಿ ಗುಳಿಗೆ ಇತ್ತು, ಅದರಲ್ಲಿ ಮೂತ್ರ ಜಾಸ್ತಿ ಮಾಡಿಸುವ ಔಷಧಿಯೂ ಸೇರಿತ್ತು. ಜ್ವರಕ್ಕೆ ಊರಲ್ಲಿ ಕೊಟ್ಟ ಲೆವೊಫ್ಲಾಕ್ಸಾಸಿನ್, ವಾಂತಿಗೆ ಡೊಂಪೆರಿಡೋನ್. ಒಂದೊಂದೂ ಎಲ್ಲರೂ ನುಂಗುವ ಗುಳಿಗೆಯೇ. ಕೂಡಿದಾಗ ಭಯ.

ಹೃದಯ ಒಮ್ಮೆ ಬಡಿದ ಮೇಲೆ ಅದರ ಸ್ನಾಯು ಮತ್ತೆ ಸಜ್ಜಾಗಬೇಕು. ಅದಕ್ಕೆ ಜೀವಕೋಶದಿಂದ ಪೊಟ್ಯಾಸಿಯಂ ಹೊರಗೆ ಹೋಗಬೇಕು. ಲೆವೊಫ್ಲಾಕ್ಸಾಸಿನ್, ಡೊಂಪೆರಿಡೋನ್ ಥರದ ಕೆಲವು ಔಷಧಿಗಳು ಆ ದಾರಿಗೆ ಅಡ್ಡ ಬರುತ್ತವೆ. ವಾಂತಿಯಿಂದಲೋ ಮೂತ್ರದ ಔಷಧಿಯಿಂದಲೋ ರಕ್ತದಲ್ಲಿ ಪೊಟ್ಯಾಸಿಯಂ, ಮೆಗ್ನೀಸಿಯಂ ಕಡಿಮೆಯಾದರೆ ಇನ್ನೂ ತಡ. ಸಜ್ಜಾಗುವ ಮುಂಚೆಯೇ ಇನ್ನೊಂದು ಬಡಿತ ಬಿದ್ದರೆ ಲಯ ಕೆಟ್ಟು ಹೃದಯ ಸುಮ್ನೆ ನಡುಗತೊಡಗಬಹುದು. ಹೆಂಗಸರಲ್ಲಿ ಈ ಅಪಾಯ ಜಾಸ್ತಿ.

ಇಸಿಜಿ ಕಾಗದದಲ್ಲಿ ಇದು ಕಾಣುತ್ತದೆ. ಒಂದು ಸಣ್ಣ ಚೌಕ ಅಂದರೆ 40 ಮಿಲಿಸೆಕೆಂಡ್. ಬಡಿತ ಶುರುವಾಗಿ ಸ್ನಾಯು ಮತ್ತೆ ಸಜ್ಜಾಗುವವರೆಗಿನ ಸಮಯಕ್ಕೆ ಕ್ಯೂಟಿ ಎನ್ನುತ್ತೇವೆ. ಆ ತಾಯಿಯ ಕ್ಯೂಟಿ 11 ಚೌಕ, ಅಂದರೆ 440. ಒಂದು ಬಡಿತದಿಂದ ಇನ್ನೊಂದಕ್ಕೆ 20 ಚೌಕ, 800. ಸಾಮಾನ್ಯ ವೇಗದ ಹೃದಯದಲ್ಲಿ ಕ್ಯೂಟಿ ಈ ಅಂತರದ ಅರ್ಧಕ್ಕಿಂತ ಕಡಿಮೆ ಇರಬೇಕು. ಇಲ್ಲಿ ದಾಟಿತ್ತು. ಬಡಿತದ ವೇಗಕ್ಕೆ ಹೊಂದಿಸಿ ಲೆಕ್ಕ ಹಾಕಿದರೆ 490ರ ಆಚೆ. ಹೆಂಗಸರಲ್ಲಿ 460 ದಾಟಿದರೆ ಉದ್ದವೇ, 500 ದಾಟಿದರೆ ನಾನು ಗಾಬರಿಪಡುತ್ತೇನೆ. ಮಷಿನ್ ತಾನೇ ಬರೆದ ಅಂಕಿಯನ್ನು ನಾನು ನಂಬಿ ಬಿಡುವುದಿಲ್ಲ, ಕಾಗದ ಹಿಡಿದು ಎಣಿಸುತ್ತೇನೆ.

ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ 2.9 ಬಂತು, ತೀರಾ ಕಡಿಮೆ. ತುರ್ತು ಆಪರೇಷನ್ ಅಲ್ಲ, ಮುಂದೂಡಿದೆವು. ಮಗ ಬೇಸರಪಟ್ಟ: ‘ಹೊಲ ಬಿಟ್ಟು ಬಂದೀವ್ರೀ ಡಾಕ್ಟ್ರೇ, ನಾಳೆನ ಮಾಡ್ರಿ.’ ಅವನನ್ನು ಕೂರಿಸಿ ಇಸಿಜಿ ತೋರಿಸಿದೆ, ಒಪ್ಪಿದ. ಡೊಂಪೆರಿಡೋನ್ ನಿಲ್ಲಿಸಿ, ಲೆವೊಫ್ಲಾಕ್ಸಾಸಿನ್ ಬದಲು ಬೇರೆ ಆ್ಯಂಟಿಬಯೋಟಿಕ್ ಕೊಟ್ಟೆವು. ಪೊಟ್ಯಾಸಿಯಂ ಡ್ರಿಪ್ಪನ್ನು ನಿಧಾನವಾಗಿಯೇ ಕೊಡಬೇಕು, ಜೋರಾಗಿ ಬಿಟ್ಟರೆ ಹೃದಯವೇ ನಿಲ್ಲಬಹುದು. ಮೆಗ್ನೀಸಿಯಂ ಸರಿಯಾಗದೆ ಪೊಟ್ಯಾಸಿಯಂ ಮೇಲೇಳುವುದೂ ಇಲ್ಲ. ಅದಕ್ಕೇ ಎರಡನ್ನೂ ಕೊಟ್ಟೆವು. ಪೊಟ್ಯಾಸಿಯಂ 4 ದಾಟಿ, ಕ್ಯೂಟಿ ಇಳಿದ ಮೇಲೆಯೇ ಥಿಯೇಟರಿಗೆ ಕರೆದೊಯ್ದದ್ದು.

ಅರಿವಳಿಕೆಯಲ್ಲೂ ಆಯ್ಕೆ ಇದೆ. ಸೆವೊಫ್ಲೂರೇನ್ ಗ್ಯಾಸ್ ಕ್ಯೂಟಿಯನ್ನು ಉದ್ದ ಮಾಡುತ್ತದೆ. ಪ್ರೊಪೊಫಾಲ್‌ನಿಂದ ಅಂಥ ತೊಂದರೆ ಕಡಿಮೆ, ಅದನ್ನೇ ಹನಿಸಿದೆ. ವಾಂತಿಗೆ ಎಲ್ಲರಿಗೂ ಕೊಡುವ ಒಂಡಾನ್‌ಸೆಟ್ರಾನ್ ಕೂಡ ಕ್ಯೂಟಿ ಉದ್ದ ಮಾಡುವ ಗುಂಪಿನದೇ, ಅದರ ಬದಲು ಡೆಕ್ಸಾಮೆಥಾಸೋನ್ ಕೊಟ್ಟೆ. ಲಯ ಕೆಟ್ಟರೆ ಕೈಗೆ ಸಿಗಲಿ ಎಂದು ಮೆಗ್ನೀಸಿಯಂ ಸಲ್ಫೇಟ್ 2 ಗ್ರಾಂ ಸಿರಿಂಜ್‌ನಲ್ಲಿ ತುಂಬಿ, ಶಾಕ್ ಕೊಡುವ ಮಷಿನ್ ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಬೇಕಾಗಲಿಲ್ಲ.

ಆದರೆ ಇದನ್ನು ಓದಿ ಯಾರೂ ತಾವಾಗಿಯೇ ಗುಳಿಗೆ ನಿಲ್ಲಿಸಬೇಡಿ. ಬೀಟಾ ಬ್ಲಾಕರ್ ಥರದ ಹೃದಯದ ಗುಳಿಗೆಯನ್ನು ಒಮ್ಮೆಲೇ ಬಿಟ್ಟರೆ ಅದೇ ದೊಡ್ಡ ಅಪಾಯ. ಯಾವುದು ನಿಲ್ಲಬೇಕು, ಯಾವುದು ಆಪರೇಷನ್ ದಿನ ಬೆಳಿಗ್ಗೆಯೂ ಬೇಕು ಎನ್ನುವುದನ್ನು ನಾವು ಹೇಳುತ್ತೇವೆ. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಇದ್ದಕ್ಕಿದ್ದಂತೆ ಬಿದ್ದು ತೀರಿಕೊಂಡಿದ್ದರೆ, ನಿಮಗೆ ಆಗಾಗ ಪ್ರಜ್ಞೆ ತಪ್ಪಿದ್ದರೆ, ಅದನ್ನೂ ಹೇಳಿ. ಹುಟ್ಟಿನಿಂದಲೇ ಕ್ಯೂಟಿ ಉದ್ದವಿರುವವರೂ ಇದ್ದಾರೆ.

ಆ ತಾಯಿ ಮನೆಗೆ ಹೊರಟಾಗ ಬೇಡದ ಔಷಧಿಗಳ ಹೆಸರನ್ನು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೇ ಬರೆದು ಮಗನ ಕೈಗೆ ಕೊಟ್ಟೆ. ಊರ ಮೆಡಿಕಲ್ ಅಂಗಡಿಗೆ ಹೋಗುವಾಗಲೂ ಚೀಟಿ ತೋರಿಸು ಎಂದೆ.