ಬ್ಲೇಡ್ ಬಿಟ್ಟು ಕತ್ತಿ ಹಿಡಿದ ಕತೆ

"ಕತ್ತು ಕುಯ್ಕೋತೀರಾ ಸಾರ್, ಸುಮ್ನೆ ಇರಿ" ಅಂದಿದ್ದರು ಹಾಸನದ ನಮ್ಮ ಸಲೂನಿನ ಅಣ್ಣ, ಹಳೇ ಕಾಲದ ಕ್ಷೌರದ ಕತ್ತಿಯಲ್ಲಿ ನಾನೇ ಗಡ್ಡ ಹೆರೆದುಕೊಳ್ಳುತ್ತೇನೆ ಅಂದಾಗ. ಅವರ ಕೈಯಲ್ಲೂ ಈಗ ಅರ್ಧ ಬ್ಲೇಡ್ ಸಿಕ್ಕಿಸುವ ಕತ್ತಿಯೇ. ಕಳೆದ ಸಲ ಹಾಸನಾಂಬೆ ಬಾಗಿಲು ತೆಗೆದ ವಾರ ಕಟಿಂಗಿಗೆ ಹೋದವನು, ಗಲ್ಲ ಸವರಿ ನೋಡಿ ಅಂದೆ. ಸವರಿದರು. ಮಾತಾಡಲಿಲ್ಲ.

ಮೊದಲ ಕತ್ತಿ ಸುಮಾರು 400 ರೂಪಾಯಿ. ಹೊಳಪು ಚೆನ್ನಾಗಿತ್ತು, ಅಷ್ಟೇ. ಎಷ್ಟು ಮಸೆದರೂ ನಾಲ್ಕು ಎಳೆತಕ್ಕೆ ಮೊಂಡು. ಎರಡನೆಯದು ಜರ್ಮನಿಯ ಸೋಲಿಂಗೆನ್ ಊರಿನ ಹಳೇ ಮಾಲು, 5/8 ಇಂಚು ಅಗಲದ್ದು, ಎರಡು ಸಾವಿರದ ಮೇಲೆ ಚಿಲ್ಲರೆ. ಹರಿತ ಮಾಡಿಯೇ ಕಳಿಸಿದ್ದೇವೆ ಅಂದರು ಮಾರಿದವರು. ಕೊತ್ತಂಬರಿ ಸೊಪ್ಪು ಹೆಚ್ಚಲೂ ಲಾಯಕ್ಕಿರಲಿಲ್ಲ! 1000, 4000, 8000ದ ಮಸೆಯುವ ಕಲ್ಲುಗಳಿಗೆ (ನಂಬರ್ ಏರಿದಷ್ಟೂ ಕಲ್ಲು ನುಣುಪು) ಮತ್ತೆ ಮೂರೂವರೆ ಸಾವಿರ ಹೋಯಿತು. ಮನೆಯವಳಿಗೆ ಅರ್ಧ ರೇಟು ಹೇಳಿದ್ದೇನೆ.

ಎರಡು ತಿಂಗಳು ಬರೀ ರಕ್ತ, ಉರಿ. ಗಲ್ಲಕ್ಕೆ ಪೇಪರ್ ಚೂರು ಅಂಟಿಸಿಕೊಂಡು ಆಫೀಸಿಗೆ ಹೋಗಿದ್ದೂ ಉಂಟು. ಕೈಯ ಓರೆ ಸರಿಯಿಲ್ಲ ಅಂದುಕೊಂಡು ಅದನ್ನೇ ತಿದ್ದುತ್ತಾ ಕೂತೆ. ಒಂದು ಭಾನುವಾರ ಸುಮ್ನೆ ಕಲ್ಲಿನಿಂದ ಎತ್ತಿದ ಕೂಡಲೇ ಕೈ ರೋಮಕ್ಕೆ ತಾಗಿಸಿದೆ. ಚರ್ಮ ಮುಟ್ಟುವ ಮೊದಲೇ ಕೂದಲು ಹಾರಿತು. ಕಲ್ಲಾದ ಮೇಲೆ ಹರಿತ ನಯ ಮಾಡುವ ಚರ್ಮದ ಪಟ್ಟಿಗೆ ಐವತ್ತು ಸಲ ಉಜ್ಜಿ ಮತ್ತೆ ತಾಗಿಸಿದರೆ ಒಂದೂ ಹಾರಲಿಲ್ಲ. ಕಲ್ಲು ಕೊಟ್ಟಿದ್ದನ್ನು ಪಟ್ಟಿಯಲ್ಲಿ ನಾನೇ ಕಳೆಯುತ್ತಿದ್ದೆ!

ಪಟ್ಟಿಯ ತುದಿಯಲ್ಲಿ ತಿರುಗಿಸುವಾಗ ಕತ್ತಿಯ ಬೆನ್ನು ಏಳುತ್ತಿತ್ತು, ಬಾಯಿ, ಅಂದರೆ ಹರಿತದ ಅಂಚು, ಮಡಚಿಕೊಳ್ಳುತ್ತಿತ್ತು. ಮೇಲಿಂದ ಪಟ್ಟಿಯೂ ಜೋಲು. ಈಗ ಅದನ್ನು ಕಿಟಕಿ ಸರಳಿಗೆ ಕಟ್ಟಿ ಬಿಗಿಯಾಗಿ ಎಳೆದುಕೊಳ್ಳುತ್ತೇನೆ. ಬೆನ್ನು ಪಟ್ಟಿ ಬಿಡಬಾರದು, ಬೆನ್ನಿನ ಮೇಲೇ ಮಗುಚಬೇಕು. ನಿಧಾನವಾಗಿ 50-60 ಸಲ. ಪಟ್ಟಿಗೆ ಏನು ಸವರುತ್ತೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಮಾರನೇ ಬೆಳಿಗ್ಗೆ ಸದ್ದೇ ಬೇರೆ. ಒಣ ಅಡಿಕೆ ಹಾಳೆ ಮೇಲೆ ಉಗುರು ಎಳೆದ ಹಾಗೆ, ಸರ್ರ್ ಅಂತ. ಮೇಲೆ ಪಟಿಕ ಉಜ್ಜಿದೆ. ಉರಿಯಲಿಲ್ಲ.

ನಡುವೆ ಬೇರೆ ಆಟಗಳೂ ಆದವು. ಪಟ್ಟಿಯ ಬದಲು ಮಡಚಿದ ಹಳೇ ಪೇಪರ್ ಮೇಲೆ ಉಜ್ಜಿದರೂ ಪರವಾಗಿಲ್ಲ, ತುರ್ತಿಗೆ ಆಗುತ್ತದೆ. ನೊರೆಗೆ ಮುಂಚೆ ಕೊಬ್ಬರಿ ಎಣ್ಣೆ ಹಚ್ಚಿದೆ. ನೊರೆ ಕೂತೇ ಹೋಯಿತು, ಕತ್ತಿಯ ಹಿಡಿಯೂ ಜಾರಿತು, ಬೇಡ. ಜುಲೈನಲ್ಲಿ ಸಕಲೇಶಪುರದ ಅತ್ತೆ ಮನೆಯ ಬಚ್ಚಲಲ್ಲಿ ಒಂದೇ ರಾತ್ರಿ ಬಿಟ್ಟಿದ್ದಕ್ಕೆ ಬಾಯಿಗೇ ತುಕ್ಕಿನ ಚುಕ್ಕೆ. ಮಲೆನಾಡಿನ ಮಳೆ ಗೊತ್ತಲ್ವಾ? ಅರ್ಧ ದಿನ ಕಲ್ಲಿಗೆ ಹೋಯಿತು. ಈಗ ಒರೆಸಿ, ಎಣ್ಣೆ ಸವರಿ, ಶೂ ಡಬ್ಬದಲ್ಲಿ ಬರುವ, ತೇವ ಹೀರುವ ಆ ಸಣ್ಣ ಪೊಟ್ಟಣದ ಜೊತೆ ಸ್ಟೀಲ್ ಡಬ್ಬಕ್ಕೆ ಹಾಕುತ್ತೇನೆ.

ಕತ್ತಿನ ಮೇಲೆ ಕೂದಲಿಗೆ ಎದುರಾಗಿ ಎಳೆಯುವಷ್ಟು ಕೈ ಪಳಗಿದೆ. ಮೂಗಿನ ಕೆಳಗೆ ಮಾತ್ರ ಇನ್ನೂ ಧೈರ್ಯ ಬಂದಿಲ್ಲ. ಅದಕ್ಕೇ ಮೀಸೆ ಬಿಟ್ಟಿದ್ದೇನೆ.