ಬೆಲ್ ಆದರೆ ಚಾಪೆಗೆ: ನೆಂಟರ ಎದುರು ನಾಯಿಗೆ ನಡತೆ ಕಲಿಸುವ ಬಗೆ

ಗೇಟಿನ ಚಿಲಕ ಸದ್ದಾದರೆ ಸಾಕು, ನಾಯಿ ಬಾಗಿಲಿಗೆ ಓಡಿ ಬಂದವರ ಎದೆಗೆ ಮುಂಗಾಲು ಊರಿ ನಿಲ್ಲುತ್ತದೆ. ಮನೆಯವರು ‘ಏನೂ ಮಾಡಲ್ಲ ಬನ್ನಿ’ ಎನ್ನುತ್ತಾರೆ. ಸೀರೆಗೆ ಉಗುರು ಸಿಕ್ಕಿಸಿಕೊಂಡ ಅಜ್ಜಿಗೆ ಆ ಮಾತಿನಿಂದ ಧೈರ್ಯ ಬರುವುದಿಲ್ಲ.

ನಾಯಿ ಹಾರುವುದು ಸೊಕ್ಕಿನಿಂದಲ್ಲ. ಮರಿಗಳು ದೊಡ್ಡ ನಾಯಿಯ ಬಾಯಿ ನೆಕ್ಕಿ ಸ್ವಾಗತಿಸುತ್ತವೆ. ನಮ್ಮ ಮುಖ ಎತ್ತರದಲ್ಲಿರುವುದರಿಂದ ಹಾರಬೇಕಾಗುತ್ತದೆ. ಎರಡು ತಿಂಗಳ ಮರಿ ಹಾರಿದಾಗ ಎತ್ತಿ ಮುದ್ದಾಡಿದವರೇ ಅದು 25 ಕೆ.ಜಿ. ತೂಗುವಾಗ ಗದರುತ್ತಾರೆ. ಕೈಯಿಂದ ತಳ್ಳಿದರೆ, ಕೂಗಾಡಿದರೆ ಅದಕ್ಕೆ ಆಟವೇ ಶುರುವಾಯಿತು. ಮಂಡಿಯಿಂದ ಎದೆಗೆ ಗುದ್ದುವ ಹಳೆಯ ಉಪಾಯವಂತೂ ಬೇಡವೇ ಬೇಡ. ಪೆಟ್ಟಾಗುವುದರ ಜೊತೆಗೆ, ನೆಂಟರು ಬಂದರೆ ನೋವು ಎಂದು ನಾಯಿ ಕಲಿಯುತ್ತದೆ. ಹಾರಬೇಡ ಎನ್ನುವುದಕ್ಕಿಂತ, ಆ ಹೊತ್ತಿಗೆ ಮಾಡಲು ಬೇರೊಂದು ಕೆಲಸ ಕೊಡುವುದು ಸುಲಭ. ಚಾಪೆಗೆ ಹೋಗಿ ಮಲಗುವುದೇ ಆ ಕೆಲಸ.

ಬೇಕಾಗುವುದು ಸ್ವಲ್ಪವೇ. ಒಂದು ಚಾಪೆ ಅಥವಾ ಮಡಚಿದ ಗೋಣಿಚೀಲ. ಅದನ್ನು ಬಾಗಿಲು ಕಾಣುವಂತೆ, ಆದರೆ ಓಡಾಟಕ್ಕೆ ಅಡ್ಡವಾಗದಂತೆ 8–10 ಅಡಿ ದೂರದಲ್ಲಿ ಹಾಕಿ. ಕೊರಳಪಟ್ಟಿಗೆ ಸಿಕ್ಕಿಸುವ 6 ಅಡಿ ಹಗ್ಗ. ಉಪ್ಪು, ಮಸಾಲೆ ಹಾಕದೆ ಬೇಯಿಸಿದ ಕೋಳಿ, ಮೊಟ್ಟೆ ಅಥವಾ ಪನೀರ್, ಕಡಲೆಕಾಳಿನಷ್ಟು ತುಂಡುಗಳಾಗಿ. ದೊಡ್ಡ ತುಂಡು ಕೊಟ್ಟರೆ ಅಗಿಯುತ್ತಾ ಪಾಠ ಮರೆಯುತ್ತದೆ, ಹೊಟ್ಟೆಯೂ ಬೇಗ ತುಂಬುತ್ತದೆ. ಕೊಟ್ಟಷ್ಟನ್ನು ಊಟದಲ್ಲಿ ಕಡಿಮೆ ಮಾಡಿ.

ಮೊದಲು ಚಾಪೆ. ಊಟಕ್ಕೆ ಮುಂಚೆ, ದಿನಕ್ಕೆ ಎರಡು–ಮೂರು ಸಲ, ಪ್ರತಿ ಸಲ 5 ನಿಮಿಷ ಸಾಕು. ನಾಯಿ ಚಾಪೆಯ ಮೇಲೆ ಕಾಲಿಟ್ಟ ಕೂಡಲೇ ‘ಸರಿ’ ಎನ್ನಿ, ತುಂಡನ್ನು ಅದರ ಮುಂಗಾಲುಗಳ ನಡುವೆ ಚಾಪೆಯ ಮೇಲೇ ಇಡಿ. ಕೈ ಎತ್ತಿ ಕೊಟ್ಟರೆ ತಲೆ ಮೇಲೇಳುತ್ತದೆ, ಹಿಂದೆಯೇ ಮೈಯೂ ಏಳುತ್ತದೆ. ತಾನಾಗಿ ಹೋಗತೊಡಗಿದ ಮೇಲೆ ‘ಜಾಗ’ ಎಂಬ ಪದ ಸೇರಿಸಿ, ಮಲಗಿದರೆ ಮಾತ್ರ ಕೊಡಿ. 3 ಸೆಕೆಂಡ್, 5, 10, ಮತ್ತೆ 3, ಆಮೇಲೆ 20, ಹೀಗೆ ಅವಧಿ ಹೆಚ್ಚು ಕಡಿಮೆ ಆಗುತ್ತಿರಲಿ. ಪ್ರತಿ ಸಲವೂ ಕಷ್ಟವಾಗುತ್ತಲೇ ಹೋದರೆ ನಾಯಿ ಬೇಸತ್ತು ಎದ್ದು ಹೋಗುತ್ತದೆ. ಏಳಬಹುದು ಎಂದು ತಿಳಿಸಲು ‘ಸಾಕು’ ಎನ್ನಿ. ಮನೆಯವರೆಲ್ಲ ಇವೇ ಪದಗಳನ್ನು ಬಳಸಬೇಕು.

ಆಮೇಲೆ ಬೆಲ್. ನಿಮ್ಮ ಮನೆಯ ಬೆಲ್ಲನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಮೊದಲು ತೀರಾ ಮೆಲ್ಲಗೆ ಕೇಳಿಸಿ. ಮೊದಲು ಸದ್ದು, ಒಂದು ಸೆಕೆಂಡ್ ಬಿಟ್ಟು ‘ಜಾಗ’, ಚಾಪೆಯ ಮೇಲೆ ತಿಂಡಿ. ಈ ಕ್ರಮ ತಪ್ಪಬಾರದು; ಪದ ಮೊದಲು ಬಂದರೆ ನಾಯಿ ಪದಕ್ಕಷ್ಟೇ ಕಾಯುತ್ತದೆ, ಬೆಲ್ಲಿಗೆ ಅರ್ಥ ಬರುವುದಿಲ್ಲ. ಬೊಗಳಿದರೆ ಸದ್ದು ಇನ್ನೂ ತಗ್ಗಿಸಿ. ಸದ್ದು ಕೇಳಿ ತಾನೇ ಚಾಪೆಯತ್ತ ತಿರುಗಿದ ದಿನ ಮನೆಯವರೊಬ್ಬರು ಹೊರಗೆ ಹೋಗಿ ನಿಜವಾದ ಬೆಲ್ ಒತ್ತಲಿ.

ನಾಟಕದ ನೆಂಟರು. ಬಹುತೇಕರು ಈ ಹಂತ ಬಿಟ್ಟು ನೇರ ಹಬ್ಬದ ದಿನಕ್ಕೆ ಹೋಗುತ್ತಾರೆ, ಸೋಲುವುದೂ ಅಲ್ಲೇ. ಹಗ್ಗ ಒಬ್ಬರ ಕೈಯಲ್ಲಿರಲಿ, ಇನ್ನೊಬ್ಬರು ಬೆಲ್ ಒತ್ತಿ ಒಳಬರಲಿ. ನಾಯಿ ಎದ್ದರೆ ಬಂದವರು ಅಲ್ಲೇ ನಿಂತು ಒಂದು ಹೆಜ್ಜೆ ಹಿಂದೆ ಸರಿಯಬೇಕು. ಮಲಗಿದರೆ ಒಂದು ಹೆಜ್ಜೆ ಮುಂದೆ. ನೆಂಟರನ್ನು ಹತ್ತಿರ ಕರೆಸುವುದು ಸುಮ್ಮನೆ ಮಲಗುವುದೇ ಎಂದು ಅದಕ್ಕೆ ಹೀಗೆ ಗೊತ್ತಾಗುತ್ತದೆ. ಅದೇ ವ್ಯಕ್ತಿ ಒಂದೇ ಸಲಕ್ಕೆ ಎಂಟು–ಹತ್ತು ಬಾರಿ ಬಂದು ಹೋಗಲಿ. ಮರುದಿನ ಪಕ್ಕದ ಮನೆಯವರು, ಆಮೇಲೆ ಹೆಲ್ಮೆಟ್ ಹಾಕಿದವರು, ಕೊಡೆ ಹಿಡಿದವರು.

ನೆಂಟರು ಬರುವ ದಿನ. ಅರ್ಧ ಗಂಟೆಯಾದರೂ ವಾಕಿಂಗ್ ಮಾಡಿಸಿ, ನೀರು ಕುಡಿಸಿ, ಬೆಲ್ ಆಗುವ ಮುಂಚೆಯೇ ಹಗ್ಗ ಕಟ್ಟಿ. ನೆಂಟರು ಮೊದಲು ಒಳಬಂದು ಕೂರಲಿ. ನಾಯಿಯ ಉಸಿರು ನಿಧಾನವಾದ ಮೇಲೆ, ಅವರಿಗೆ ಇಷ್ಟವಿದ್ದರೆ ಮಾತ್ರ, ಹಗ್ಗ ಹಿಡಿದು ಕರೆತನ್ನಿ. ನಾಲ್ಕೂ ಕಾಲು ನೆಲದ ಮೇಲಿದ್ದರೆ ಎದೆ, ಗದ್ದದ ಕೆಳಗೆ ಸವರಬಹುದು. ಹಾರಿದರೆ ಕೈ ಕಟ್ಟಿ, ಮಾತಾಡದೆ ಬೆನ್ನು ತಿರುಗಿಸಬೇಕು. ಇದನ್ನು ನೆಂಟರಿಗೆ ಫೋನಿನಲ್ಲೇ ಹೇಳಿಬಿಡಿ. ‘ನಮಗೆ ನಾಯಿ ಅಂದ್ರೆ ಇಷ್ಟ, ಹಾರಲಿ ಬಿಡಿ’ ಎನ್ನುವ ಪ್ರೀತಿಯ ಮಾವನಿಂದಲೇ ಹೆಚ್ಚು ಕೆಡುವುದು: ಹತ್ತರಲ್ಲಿ ಒಂದು ಸಲ ಫಲ ಸಿಕ್ಕರೂ ನಾಯಿ ಹನ್ನೊಂದನೇ ಸಲ ಹಾರಿ ನೋಡುತ್ತದೆ.

ಇದೆಲ್ಲ ಖುಷಿಯಿಂದ ಹಾರುವ ನಾಯಿಗೆ. ಹೆದರುವ ನಾಯಿಯ ವಿಷಯ ಬೇರೆ. ಬಾಲ ಕಾಲ ನಡುವೆ ಸೇರಿದರೆ, ಕಣ್ಣಿನ ಬಿಳಿ ಕಂಡರೆ, ಹಸಿವಿಲ್ಲದಿದ್ದರೂ ತುಟಿ ನೆಕ್ಕುತ್ತ ಮುಖ ತಿರುಗಿಸಿದರೆ ಪರಿಚಯ ಮಾಡಿಸಲು ಹೋಗಬೇಡಿ. ಮುಧೋಳ ತಳಿಯ ನಾಯಿಗಳಂತೂ ಅಪರಿಚಿತರು ಮುಟ್ಟುವುದನ್ನು ಸಾಮಾನ್ಯವಾಗಿ ಇಷ್ಟಪಡುವುದಿಲ್ಲ. ದೂರದಲ್ಲಿ ಸುಮ್ಮನೆ ಮಲಗಿದ್ದರೆ ಅದೇ ಅವುಗಳ ಮರ್ಯಾದೆ. ಅಗಿಯಲು ಏನಾದರೂ ಕೊಟ್ಟು ಒಳಕೋಣೆಯಲ್ಲಿ ಬಿಡುವುದು ಸೋಲಲ್ಲ. ಗುರ್ ಎಂದರೆ ಹೊಡೆಯಬೇಡಿ. ಅದು ಎಚ್ಚರಿಕೆ, ಅದನ್ನು ಅಡಗಿಸಿದರೆ ಮುಂದೊಮ್ಮೆ ಎಚ್ಚರಿಕೆಯಿಲ್ಲದೆ ಕಚ್ಚಬಹುದು. ಒಮ್ಮೆ ಕಚ್ಚಲು ಹೋದ ನಾಯಿಯನ್ನು ಪಶುವೈದ್ಯರಿಗೆ ತೋರಿಸಿ, ನೋವಿನಿಂದಲೂ ಹಾಗಾಡಬಹುದು. ಪುಟ್ಟ ಮಕ್ಕಳನ್ನು ಎಂಥ ಸಾಧು ನಾಯಿಯ ಜೊತೆಗೂ ಒಂಟಿಯಾಗಿ ಬಿಡಬಾರದು. ರೇಬೀಸ್ ಲಸಿಕೆ ತಪ್ಪದಿರಲಿ.

ನೆಂಟರ ತಟ್ಟೆಯ ಮೇಲೂ ಕಣ್ಣಿರಲಿ. ಪಾಯಸದ ದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸಬಲ್ಲದು. ಈರುಳ್ಳಿ, ಚಾಕೊಲೇಟ್ ಕೂಡ ವಿಷವೇ.

ದಿನವೂ ಅಭ್ಯಾಸ ಮಾಡಿಸಿದರೆ ಕೆಲವು ವಾರಗಳಲ್ಲಿ ವ್ಯತ್ಯಾಸ ಕಾಣುತ್ತದೆ. ವರ್ಷಗಟ್ಟಲೆ ಹಾರಿ ರೂಢಿಯಾದ ನಾಯಿಗೆ ಹೆಚ್ಚು ಕಾಲ ಬೇಕು. ಹಬ್ಬದ ಗದ್ದಲದಲ್ಲಿ ಎಲ್ಲ ಮರೆತು ಕುಣಿದರೆ, ಮರುದಿನದಿಂದ ಎರಡು ದಿನ ಮತ್ತೆ ಮೊಬೈಲಿನ ಮೆಲ್ಲನೆ ಬೆಲ್ಲಿನಿಂದ ಶುರುಮಾಡಿ.